ಬೀರುವಿನಲ್ಲಿ ಸಿಕ್ಕ ಆಸ್ಪತ್ರೆ ಫೈಲು ಕೋರ್ಟಿನಲ್ಲಿ ನಿಲ್ಲುತ್ತದಾ?

ಪ್ರಶ್ನೆ: ಮದುವೆಯಾಗಿ ಒಂದು ವರ್ಷ ಎಂಟು ತಿಂಗಳಾಯಿತು. ಐದು ತಿಂಗಳ ಹಿಂದೆ ಜಗಳವಾಗಿ ಹೆಂಡತಿ ತವರಿಗೆ ಹೋದಳು. ಅದಾಗಿ ಒಂದು ತಿಂಗಳಿಗೆ ಬೀರು ತೆಗೆದಾಗ ಅವಳ ಹಳೆಯ ಆಸ್ಪತ್ರೆ ಫೈಲು ಸಿಕ್ಕಿತು. 2019ರಲ್ಲಿ ಮನೋರೋಗ ವಿಭಾಗದಲ್ಲಿ ಒಂಬತ್ತು ದಿನ ಅಡ್ಮಿಟ್ ಆಗಿದ್ದಳು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಖಿನ್ನತೆ ಅಂತ ಇದೆ. ಮೂರು ಚೀಟಿಗಳೂ ಇದ್ದವು. ಒಂದರಲ್ಲಿ ವ್ಯಾಲ್‌ಪ್ರೊಯೇಟ್ ಮಾತ್ರೆ ಇತ್ತು, ನೆಟ್‌ನಲ್ಲಿ ಹುಡುಕಿದರೆ ಅದು ಬೈಪೋಲಾರ್ ಕಾಯಿಲೆಗೆ ಅಂತ ಬಂತು. ಎಲ್ಲದರ ಫೋಟೊ ತೆಗೆದಿಟ್ಟೆ. ಆಮೇಲೆ ಅವಳ ಅಣ್ಣ ಬಂದು ಸಾಮಾನಿನ ಜೊತೆ ಫೈಲನ್ನೂ ತೆಗೆದುಕೊಂಡು ಹೋದ. ಮದುವೆಗೆ ಮುಂಚೆ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಈಗ ಅವಳು ಕೌಟುಂಬಿಕ ದೌರ್ಜನ್ಯದ ಕೇಸು ಹಾಕಿದ್ದಾಳೆ, ಗಾಯದ ಪ್ರಮಾಣಪತ್ರ ಇದೆಯಂತೆ. ನನ್ನ ಫೋಟೊಗಳು ಸಾಕ್ಷ್ಯವಾಗುತ್ತವಾ? ನಮ್ಮ ಭಾವ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಪೂರ್ತಿ ಕೇಸ್ ಶೀಟ್ ತೆಗೆಸಿಕೊಡುತ್ತೇನೆ ಅಂತಿದ್ದಾರೆ. ತೆಗೆಸಲಾ?

ಉತ್ತರ:

ಫೋಟೊಗಳನ್ನು ಕೋರ್ಟಿಗೆ ಕೊಡಬಹುದು. ಆದರೆ ಅಷ್ಟರಿಂದಲೇ ಕೇಸು ಗೆಲ್ಲುತ್ತೀರಿ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಭಾವನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲಿಯವರೆಗೆ ಅವರನ್ನು ಸುಮ್ಮನಿರಲು ಹೇಳಿ.

ಮೊದಲು ನೀವು ಏನು ಕೇಳಬೇಕೆಂದಿದ್ದೀರಿ ಅನ್ನುವುದು ತೀರ್ಮಾನವಾಗಬೇಕು. ಯಾಕೆಂದರೆ ಅದೇ ಕಾಗದ ಒಂದು ಕೇಸಿನಲ್ಲಿ ಉಪಯೋಗಕ್ಕೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ನಿಮ್ಮದು ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆ ಅಂದುಕೊಂಡು ಹೇಳುತ್ತೇನೆ. ಒಂದು ದಾರಿ 12ನೇ ಕಲಂ. ಮುಖ್ಯ ಸಂಗತಿ ಮುಚ್ಚಿಟ್ಟು, ಮೋಸದಿಂದ ಒಪ್ಪಿಗೆ ಪಡೆದರು, ಆದ್ದರಿಂದ ಮದುವೆಯನ್ನೇ ರದ್ದು ಮಾಡಿ ಅಂತ ಕೇಳುವುದು. ಇನ್ನೊಂದು 13ನೇ ಕಲಂ. ಮಾನಸಿಕ ಕಾಯಿಲೆಯ ಕಾರಣಕ್ಕೆ ವಿಚ್ಛೇದನ ಕೊಡಿ ಅಂತ ಕೇಳುವುದು. ಊರಲ್ಲಿ ಎರಡನ್ನೂ ಒಟ್ಟಿಗೆ 'ಡೈವೋರ್ಸ್' ಅಂದುಬಿಡುತ್ತೇವೆ, ಆದರೆ ಕೋರ್ಟಿನಲ್ಲಿ ಇವೆರಡಕ್ಕೆ ಬೇಕಾದ ಸಾಕ್ಷ್ಯವೇ ಬೇರೆ ಬೇರೆ.

ಮೋಸದ ದಾರಿಯಲ್ಲಿ ಹೋಗುವುದಾದರೆ ಕ್ಯಾಲೆಂಡರ್ ನೋಡಿ. ಮೋಸ ಗೊತ್ತಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಿಮಗೆ ಗೊತ್ತಾಗಿ ನಾಲ್ಕು ತಿಂಗಳಾಯಿತು. ಇದರ ಜೊತೆಗೆ ಇನ್ನೊಂದು ಷರತ್ತಿದೆ, ಬಹಳ ಜನ ಎಡವುವುದು ಇಲ್ಲೇ: ವಿಷಯ ಗೊತ್ತಾದ ಮೇಲೂ ಮನಸಾರೆ ಒಪ್ಪಿ ಗಂಡ ಹೆಂಡತಿಯಾಗಿ ಬಾಳಿದರೆ ಆ ಹಕ್ಕು ಹೋಯಿತು. ಈ ನಾಲ್ಕು ತಿಂಗಳಲ್ಲಿ ರಾಜಿಯಾಗಿ ಒಂದಷ್ಟು ದಿನ ಒಟ್ಟಿಗೆ ಇದ್ದಿರಾ? ಇದ್ದರೆ ನಿಮ್ಮ ವಕೀಲರಿಗೆ ಈಗಲೇ ಹೇಳಿ. ಪಾಟಿ ಸವಾಲಿನಲ್ಲಿ ಅದು ಮೊದಲ ಸಲ ಹೊರಬರುವುದು ಬೇಡ.

ಇನ್ನು, ಮುಚ್ಚಿಟ್ಟರು ಅನ್ನುವುದನ್ನು ಆಸ್ಪತ್ರೆ ಕಾಗದ ಹೇಳುವುದಿಲ್ಲ. ಅದು 2019ರಲ್ಲಿ ಒಬ್ಬರು ಒಂಬತ್ತು ದಿನ ಚಿಕಿತ್ಸೆ ಪಡೆದರು ಅಂತ ಮಾತ್ರ ಹೇಳುತ್ತದೆ. ನಿಮಗೆ ಹೇಳಿದ್ದರೋ ಇಲ್ಲವೋ, ನೀವು ಆರೋಗ್ಯದ ಬಗ್ಗೆ ಕೇಳಿದ್ದಿರೋ ಇಲ್ಲವೋ, ಹೆಣ್ಣು ನೋಡುವ ದಿನ ಏನು ಮಾತಾಯಿತು, ಇವೆಲ್ಲಕ್ಕೆ ಬೇರೆ ಸಾಕ್ಷಿ ಬೇಕು: ಮದುವೆ ಮಾತಾಡಿಸಿದವರು, ಆಗಿನ ವಾಟ್ಸಾಪ್ ಮೆಸೇಜುಗಳು, ಕಳಿಸಿದ್ದ ಬಯೋಡೇಟಾ. ಜೊತೆಗೆ ಮುಚ್ಚಿಟ್ಟದ್ದು 'ಮುಖ್ಯ' ಸಂಗತಿಯಾಗಿರಬೇಕು. ವರ್ಷಗಳ ಹಿಂದೆ ಬಂದು ವಾಸಿಯಾದ ಖಿನ್ನತೆ ಮದುವೆಯ ಬುಡವನ್ನೇ ಅಲ್ಲಾಡಿಸುವಂಥ ಸಂಗತಿಯಾ ಅಂತ ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ನನಗೆ ಕಾಣಲಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಒಟ್ಟಿಗೆ ಇದ್ದಿರಿ, ಅವಳ ಕಾಯಿಲೆಯಿಂದ ಮನೆಯಲ್ಲಿ ಇಂಥದ್ದು ನಡೆಯಿತು ಅಂತ ನೀವು ಒಂದು ಸಾಲೂ ಬರೆದಿಲ್ಲ!

ವಿಚ್ಛೇದನದ ದಾರಿಯಲ್ಲಂತೂ ಇದೇ ದೊಡ್ಡ ಪ್ರಶ್ನೆ. 13ನೇ ಕಲಮಿನ ಪ್ರಕಾರ ಕಾಯಿಲೆ ಇದೆ ಅಂತ ತೋರಿಸಿದರೆ ಸಾಲದು. ಸಂಗಾತಿ ಜೊತೆಯಲ್ಲಿ ಬಾಳುವುದನ್ನು ನಿರೀಕ್ಷಿಸಲಾಗದಷ್ಟು ಅದು ತೀವ್ರ ಅಂತ ತೋರಿಸಬೇಕು. ಕಾಯಿಲೆಯ ಹೆಸರು ಮುಖ್ಯವಲ್ಲ, ಪ್ರಮಾಣ ಮುಖ್ಯ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿತ್ತು. ಅದು ಸ್ಕಿಜೋಫ್ರೇನಿಯಾ ಅಂತ ಹೇಳಿದ್ದ ಕೇಸು. 2013ರಲ್ಲಿ ಮತ್ತೆ ಅಂಥದ್ದೇ ಕೇಸು ಬಂತು, ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು. ಅಲ್ಲಿ ಹೆಂಡತಿ ಸ್ವತಃ ಸರ್ಕಾರಿ ವೈದ್ಯೆ. ಅಷ್ಟು ತೀವ್ರ ಕಾಯಿಲೆ ಇದ್ದರೆ ಆ ಕೆಲಸ ಮಾಡಿಕೊಂಡು ಹೋಗಲು ಆಗುತ್ತಿತ್ತಾ ಅಂತ ಕೇಳಿ ಗಂಡನಿಗೆ ವಿಚ್ಛೇದನ ಕೊಡಲಿಲ್ಲ. ನಿಮ್ಮ ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದರೆ, ಓದು ಮುಂದುವರಿಸಿದ್ದರೆ, ಮನೆ ನಡೆಸುತ್ತಿದ್ದರೆ, ಎದುರು ವಕೀಲರು ಅದನ್ನೇ ಒಂದೊಂದಾಗಿ ನಿಮ್ಮ ಬಾಯಲ್ಲೇ ಹೇಳಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ: ಹಿಂದೆ ಚಿಕಿತ್ಸೆ ಪಡೆದಿದ್ದ ಮಾತ್ರಕ್ಕೆ ಈಗಲೂ ಕಾಯಿಲೆ ಇದೆ ಅಂತ ತೀರ್ಮಾನಿಸುವಂತಿಲ್ಲ, ಕಾಯಿಲೆ ಇದ್ದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತಲೂ ಹೇಳುವಂತಿಲ್ಲ.

ಮಾತ್ರೆ ಹೆಸರು ನೋಡಿ ಕಾಯಿಲೆ ಕಂಡುಹಿಡಿಯುವ ಕೆಲಸ ದಯವಿಟ್ಟು ಬಿಡಿ. ವ್ಯಾಲ್‌ಪ್ರೊಯೇಟ್ ಬೈಪೋಲಾರ್‌ಗೆ ಕೊಡುತ್ತಾರೆ, ನಿಜ. ಮೂರ್ಛೆರೋಗಕ್ಕೂ ಕೊಡುತ್ತಾರೆ. ಮೈಗ್ರೇನ್ ತಲೆನೋವು ಬರದಂತೆ ತಡೆಯಲಿಕ್ಕೂ ಕೊಡುತ್ತಾರೆ. ಅರ್ಜಿಯಲ್ಲಿ ನೀವು ಬೈಪೋಲಾರ್ ಅಂತ ಬರೆದು, ಸಾಕ್ಷಿ ಕಟಕಟೆಯಲ್ಲಿ ಡಾಕ್ಟರು ಅದು ತಲೆನೋವಿಗೆ ಬರೆದದ್ದು ಅಂದರೆ ನಿಮ್ಮ ಉಳಿದ ಮಾತುಗಳ ಮೇಲೂ ನಂಬಿಕೆ ಹೋಗುತ್ತದೆ. (ಮೂರ್ಛೆರೋಗ ಒಂದು ಕಾಲದಲ್ಲಿ ಮದುವೆಗೆ ಅಡ್ಡಿ ಅಂತ ಕಾಯ್ದೆಯಲ್ಲೇ ಇತ್ತು. 1999ರಲ್ಲಿ ತೆಗೆದುಹಾಕಿದರು. ಕುಷ್ಠರೋಗದ ಕಾರಣಕ್ಕೆ ವಿಚ್ಛೇದನ ಕೇಳುವುದನ್ನು 2019ರಲ್ಲಿ ತೆಗೆದರು. ಹಳೆಯ ಪುಸ್ತಕ ನೋಡಿ ಸಲಹೆ ಕೊಡುವವರು ಇನ್ನೂ ಇದ್ದಾರೆ, ಅದಕ್ಕೇ ಹೇಳಿದೆ.)

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹುಚ್ಚು ಅಂತ ಆರೋಪ ಮಾಡಿ ಅದನ್ನು ಸಾಬೀತು ಮಾಡಲಾಗದೆ ಹೋದರೆ, ಆ ಆರೋಪವೇ ನಿಮ್ಮ ವಿರುದ್ಧ ಮಾನಸಿಕ ಕ್ರೌರ್ಯವಾಗಬಹುದು. 1993ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಕೇಸಿನಲ್ಲಿ ಆದದ್ದು ಅದೇ, ಆದರೆ ತಿರುಗುಮುರುಗು. ಹೆಂಡತಿ ತನ್ನ ಆಕ್ಷೇಪಣೆಯಲ್ಲಿ ಗಂಡನ ಮನಸ್ಸು ಸರಿಯಿಲ್ಲ, ಚಿಕಿತ್ಸೆ ಬೇಕು ಅಂತ ಬರೆಸಿದ್ದರು. ಅವರ ಕಡೆಯವರು ಪಾಟಿ ಸವಾಲಿನಲ್ಲಿ ಅವನ ಮನೆಯವರನ್ನೂ ಹುಚ್ಚರ ಸಾಲಿಗೆ ಸೇರಿಸಿದರು. ಆ ಮಾತುಗಳೇ ಕ್ರೌರ್ಯ ಅಂತ ಗಂಡನಿಗೆ ವಿಚ್ಛೇದನ ಸಿಕ್ಕಿತು. ಹಾಗಾಗಿ ಅರ್ಜಿಯಲ್ಲಿ ವಿಶೇಷಣ ಬೇಡ. ಇಂಥ ದಿನ ಇಂಥದ್ದು ನಡೆಯಿತು ಅಂತ ಘಟನೆ ಬರೆಸಿ. ಕಾಯಿಲೆಯ ಹೆಸರು ಡಾಕ್ಟರು ಹೇಳಲಿ.

ಈಗ ಫೋಟೊಗಳ ವಿಷಯ. ಫ್ಯಾಮಿಲಿ ಕೋರ್ಟಿಗೆ ಒಂದು ವಿಶೇಷ ಅಧಿಕಾರ ಇದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಪ್ರಕಾರ, ವ್ಯಾಜ್ಯ ಬಗೆಹರಿಸಲು ಸಹಾಯವಾಗುತ್ತದೆ ಅನ್ನಿಸಿದರೆ ಯಾವ ವರದಿ, ಯಾವ ದಾಖಲೆಯನ್ನಾದರೂ ಕೋರ್ಟು ತೆಗೆದುಕೊಳ್ಳಬಹುದು, ಸಾಕ್ಷ್ಯ ಕಾಯ್ದೆಯ ಪ್ರಕಾರ ಅದು ನಡೆಯದಿದ್ದರೂ ಸರಿ. ಇದನ್ನು ಓದಿಯೇ ಬಹಳ ಜನ ಖುಷಿಪಡುತ್ತಾರೆ. ಆದರೆ ದಾಖಲೆಯನ್ನು ಒಳಗೆ ಬಿಟ್ಟುಕೊಳ್ಳುವುದು ಬೇರೆ, ಅದರಲ್ಲಿ ಬರೆದದ್ದನ್ನು ನಂಬುವುದು ಬೇರೆ. ನಿಶಾನೆ ಪಿ-5 ಅಂತ (ಕೋರ್ಟು ದಾಖಲೆಗೆ ಕೊಡುವ ಗುರುತಿನ ನಂಬರು) ಸೀಲು ಬಿದ್ದ ಕೂಡಲೇ ಅದು ಸಾಬೀತಾಯಿತು ಅಂತಲ್ಲ. ಇನ್ನೊಂದು, ಈ ಸಡಿಲಿಕೆ ಫ್ಯಾಮಿಲಿ ಕೋರ್ಟಿಗೆ ಮಾತ್ರ. ನಿಮ್ಮ ಹೆಂಡತಿ ಹಾಕಿರುವ ದೌರ್ಜನ್ಯದ ಕೇಸು ಮ್ಯಾಜಿಸ್ಟ್ರೇಟ್ ಮುಂದೆ ಇದ್ದರೆ ಅಲ್ಲಿ 14ನೇ ಕಲಂ ಹೇಳಿಕೊಂಡು ಹೋಗಲಾಗದು.

ಮೂಲ ಫೈಲು ಈಗ ಅವಳ ಹತ್ತಿರ ಇದೆ ಅಲ್ವಾ? ಹಾಗಾದರೆ ಮೊದಲು ಅದನ್ನು ಹಾಜರುಪಡಿಸಿ ಅಂತ ನಿಮ್ಮ ವಕೀಲರಿಂದ ನೋಟಿಸ್ ಕೊಡಿಸಿ. ಅವಳು ಕೊಡದಿದ್ದರೆ ಪ್ರತಿಯನ್ನು ಹಾಜರುಮಾಡಲು ನಿಮಗೆ ದಾರಿಯಾಗುತ್ತದೆ. ಫೋಟೊ ಮೊಬೈಲಿನದ್ದಾದ್ದರಿಂದ ಅದು ಎಲೆಕ್ಟ್ರಾನಿಕ್ ದಾಖಲೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಕಲಂ ಅಂತ ಕೇಳಿರುತ್ತೀರಿ, ಅದರ ಹೊಸ ರೂಪ ಇದು. ಈಗ ಅದರಲ್ಲಿ ಎರಡು ಭಾಗ, ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು, ಮತ್ತು ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚು ಇದ್ದಂಥ ಸಂಕೇತ, ಫೈಲು ಸ್ವಲ್ಪ ಬದಲಾದರೂ ಇದು ಬದಲಾಗುತ್ತದೆ) ನಮೂದಿಸಬೇಕು. ಆದ್ದರಿಂದ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಫೋಟೊ ಕ್ರಾಪ್ ಮಾಡಿ ಗೆರೆ ಎಳೆಯಬೇಡಿ. ತೆಗೆದದ್ದು ತೆಗೆದ ಹಾಗೆ ಇರಲಿ.

ನೀವು ಫೋಟೊ ತೆಗೆದದ್ದು ತಪ್ಪಾ? ನಿಮ್ಮದೇ ಮನೆಯ ಬೀರುವಿನಲ್ಲಿ ಸಿಕ್ಕ ಕಾಗದ. ಗಂಡ ಹೆಂಡಿರ ನಡುವಿನ ಕೇಸಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನ್ ಮಾತುಕತೆಯನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಕೋರ್ಟುಗಳು ಸಾಕ್ಷ್ಯ ಹೇಗೆ ಬಂತು ಅನ್ನುವುದಕ್ಕಿಂತ ಅದು ಕೇಸಿಗೆ ಸಂಬಂಧಪಟ್ಟಿದೆಯಾ ಅನ್ನುವುದನ್ನೇ ಮೊದಲಿಂದಲೂ ಜಾಸ್ತಿ ನೋಡಿಕೊಂಡು ಬಂದಿವೆ. ಹಾಗಂತ ಖಾಸಗಿತನಕ್ಕೆ ಬೆಲೆಯಿಲ್ಲ ಅಂತಲ್ಲ, ಸುಪ್ರೀಂ ಕೋರ್ಟಿನ 2017ರ ತೀರ್ಪಿನಿಂದ ಅದು ಮೂಲಭೂತ ಹಕ್ಕು. ಎದುರು ಕಡೆಯವರು ಈ ಆಕ್ಷೇಪಣೆ ಎತ್ತೇ ಎತ್ತುತ್ತಾರೆ, ಉತ್ತರ ಸಿದ್ಧವಿರಲಿ.

ಫೋಟೊ ಒಂದು ಸುಳಿವು ಮಾತ್ರ, ನಿಜವಾದ ಸಾಕ್ಷಿ ಡಾಕ್ಟರು. ಚಿಕಿತ್ಸೆ ಕೊಟ್ಟವರನ್ನು ಕರೆಸಿ, ಅವರು ಕಟಕಟೆಗೆ ಬಂದು, ಇದು ನನ್ನ ಬರವಣಿಗೆ, ಇಂಥ ಲಕ್ಷಣ ಕಂಡಿದ್ದೆ, ಹೋಗುವಾಗ ರೋಗಿ ಇಂಥ ಸ್ಥಿತಿಯಲ್ಲಿದ್ದರು ಅಂತ ಹೇಳಿ, ಎದುರು ವಕೀಲರ ಪಾಟಿ ಸವಾಲಿಗೂ ನಿಂತರೆ ಮಾತ್ರ ಆ ಒಂಬತ್ತು ದಿನಗಳಿಗೆ ಒಂದು ಅರ್ಥ ಬರುತ್ತದೆ. ಇದಕ್ಕೆ ಮಧ್ಯಂತರ ಅರ್ಜಿ ಹಾಕಿ ಆಸ್ಪತ್ರೆಗೆ ಸಮನ್ಸ್ ಕೊಡಿಸಬೇಕು. ಸಮನ್ಸ್ ಕೇಳುವಾಗ ಒಂದು ತಪ್ಪು ತುಂಬ ನೋಡುತ್ತೇವೆ. 'ದಾಖಲೆ ತರಿಸಿ' ಅಂತಷ್ಟೇ ಕೇಳುತ್ತಾರೆ. ಆಗ ಬರುವುದು ರೆಕಾರ್ಡ್ಸ್ ವಿಭಾಗದ ಗುಮಾಸ್ತರು. ಫೈಲು ನಮ್ಮ ಆಸ್ಪತ್ರೆಯದ್ದು ಹೌದು ಅನ್ನುತ್ತಾರೆ. ಒಳಗೆ ಬರೆದದ್ದರ ಬಗ್ಗೆ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ, ಪಾಪ ಅವರಿಗೆ ಹೇಗೆ ಗೊತ್ತಿರಬೇಕು! ಆದ್ದರಿಂದ ಡಾಕ್ಟರನ್ನೇ ಕರೆಸಿ. ಅವರು ಬಿಟ್ಟುಹೋಗಿದ್ದರೆ ಅವರ ಕೈಬರಹ, ಸಹಿ ಗೊತ್ತಿರುವ ಸಹೋದ್ಯೋಗಿಯನ್ನು ಕರೆಸಿ. ದೂರದ ಊರಿನಲ್ಲಿದ್ದರೆ ಕಮಿಷನ್ ಮೂಲಕ (ಅಂದರೆ ಕೋರ್ಟು ನೇಮಿಸಿದವರ ಮುಂದೆ) ಅವರ ಹೇಳಿಕೆ ಪಡೆಯಿರಿ.

ಇಲ್ಲಿ ಇನ್ನೊಂದು ತೊಡಕು. 2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಡಾಕ್ಟರು ಕಡ್ಡಾಯವಾಗಿ ಇಡಬೇಕಾದದ್ದು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ. ನಿಮ್ಮದು 2019ರ ಫೈಲು. ಆಸ್ಪತ್ರೆಯವರು ಇನ್ನೂ ಇಟ್ಟಿರಬಹುದು, ವಿಲೇವಾರಿ ಮಾಡಿಯೂ ಇರಬಹುದು. ಇದೂ ಬೇಗ ಅರ್ಜಿ ಹಾಕಲು ಒಂದು ಕಾರಣ.

ರೋಗಿ ತಾನೇ ಕೇಳಿದರೆ ಅಥವಾ ಆಕೆಯ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯಲ್ಲಿ ದಾಖಲೆ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಅದನ್ನು ತೋರಿಸಿ ನಾನು ಗಂಡ, ನನಗೆ ಕೊಡಿ ಅಂದರೆ ನಡೆಯುವುದಿಲ್ಲ. ಗಂಡನಾದ ಮಾತ್ರಕ್ಕೆ ನೀವು ಅವಳ ಅಧಿಕೃತ ಪ್ರತಿನಿಧಿಯಾಗುವುದಿಲ್ಲ, ಈಗ ಎದುರು ಕಕ್ಷಿದಾರ ಬೇರೆ. ಕೋರ್ಟಿನ ಆದೇಶ ಇದ್ದರೆ ಡಾಕ್ಟರು ರೋಗಿಯ ಗುಟ್ಟನ್ನು ಹೇಳಬಹುದು, ನಿಯಮದಲ್ಲೇ ಆ ವಿನಾಯಿತಿ ಇದೆ. ಆದ್ದರಿಂದ ನಿಮಗಿರುವುದು ಕೋರ್ಟಿನ ದಾರಿ ಒಂದೇ.

ಅವಳನ್ನು ಈಗ ಪರೀಕ್ಷೆಗೆ ಕಳಿಸಿ ಅಂತ ಕೇಳಬಹುದಾ? ಕೇಳಬಹುದು. ವೈವಾಹಿಕ ಕೇಸಿನಲ್ಲಿ ವೈದ್ಯಕೀಯ ಪರೀಕ್ಷೆಗೆ ಆದೇಶ ಮಾಡುವ ಅಧಿಕಾರ ಕೋರ್ಟಿಗಿದೆ, ಅದು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಉಲ್ಲಂಘನೆಯಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೆ ಒಂದು ಬೇಲಿಯನ್ನೂ ಹಾಕಿತು: ಕೇಳುವವನ ಹತ್ತಿರ ಮೇಲ್ನೋಟಕ್ಕೇ ಬಲವಾದ ಆಧಾರ ಇರಬೇಕು. ಏನಾದರೂ ಸಿಗುತ್ತದಾ ನೋಡೋಣ ಅಂತ ಬಲೆ ಬೀಸುವ ಹಾಗಿಲ್ಲ. ಆದೇಶವಾದ ಮೇಲೂ ಅವಳು ಹೋಗದಿದ್ದರೆ ಎಳೆದುಕೊಂಡು ಹೋಗುವುದಿಲ್ಲ, ಆದರೆ ಕೋರ್ಟು ಅವಳ ವಿರುದ್ಧ ಊಹೆ ಮಾಡಿಕೊಳ್ಳಬಹುದು. ಆರು ವರ್ಷಕ್ಕೂ ಹಳೆಯ ಒಂದು ಸಮ್ಮರಿಯ ಫೋಟೊ 'ಬಲವಾದ ಆಧಾರ' ಆಗುತ್ತದೆ ಅಂತ ನನಗನ್ನಿಸುವುದಿಲ್ಲ. ಮದುವೆಯ ನಂತರದ ಘಟನೆಗಳಿದ್ದು, ಅದಕ್ಕೆ ಮನೆಯವರಲ್ಲದ ಸಾಕ್ಷಿ ಇದ್ದರೆ ಆ ಮಾತು ಬೇರೆ. ಮತ್ತೆ, ಒಬ್ಬರು ಮಾನಸಿಕ ಕಾಯಿಲೆಯ ಪುರಾವೆ ಕೊಟ್ಟು ಇನ್ನೊಬ್ಬರು ಅದನ್ನು ಅಲ್ಲಗಳೆದರೆ ಕೋರ್ಟು ವಿಷಯವನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕಳಿಸಬೇಕು ಅಂತ 2017ರ ಕಾಯ್ದೆಯ 105ನೇ ಕಲಂ ಹೇಳುತ್ತದೆ. ನೀವು ಖಾಸಗಿಯಾಗಿ ಯಾವುದೋ ಡಾಕ್ಟರಿಗೆ ಫೋಟೊ ತೋರಿಸಿ ಬರೆಸಿಕೊಂಡ ಅಭಿಪ್ರಾಯಕ್ಕೆ ಇದರ ಮುಂದೆ ತೂಕ ಇರುವುದಿಲ್ಲ. ರೋಗಿಯನ್ನು ನೋಡದೇ ಬರೆದದ್ದು ತಾನೇ?

ಇನ್ನು ಅವಳ ಗಾಯದ ಪ್ರಮಾಣಪತ್ರ. ನಿಮ್ಮ ಫೋಟೊಗಳಿಗೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ. ಗಾಯ ಇತ್ತು, ಎಲ್ಲಿತ್ತು, ಎಷ್ಟಿತ್ತು, ಹೊಸದೋ ಹಳೆಯದೋ ಅಂತ ಅದು ಹೇಳುತ್ತದೆ. ಯಾರು ಮಾಡಿದರು ಅಂತ ಡಾಕ್ಟರು ಕಣ್ಣಾರೆ ನೋಡಿರುವುದಿಲ್ಲ. ಆದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಸ್ಪತ್ರೆಗೆ ಹೋದ ಕೂಡಲೇ 'ಹೇಗಾಯಿತು' ಅಂತ ಕೇಳಿ ಬರೆದುಕೊಳ್ಳುವ ಒಂದು ಸಾಲು ಇರುತ್ತದೆ. ವಕೀಲರು ಇನ್ನೂ ಕೇಸಿಗೆ ಬರುವ ಮುಂಚಿನ ಮಾತು ಅದು, ಅದಕ್ಕೇ ಅದಕ್ಕೆ ಬೆಲೆ ಜಾಸ್ತಿ. ಗಂಡ ಹೊಡೆದ ಅಂತ ಅಲ್ಲಿದ್ದು, ತಾರೀಖು, ಸಮಯ ಅವಳ ದೂರಿಗೆ ಹೊಂದಿದರೆ ಕೋರ್ಟು ಅದನ್ನು ಗಂಭೀರವಾಗಿಯೇ ನೋಡುತ್ತದೆ. ಜಾರಿ ಬಿದ್ದೆ ಅಂತಿದ್ದರೆ ನಿಮ್ಮ ವಕೀಲರು ಅದನ್ನು ಹಿಡಿಯುತ್ತಾರೆ. ಎಂಎಲ್‌ಸಿ ರಿಜಿಸ್ಟರ್ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕ) ಮತ್ತು ಆ ಡಾಕ್ಟರನ್ನು ಕರೆಸುವ ಹಕ್ಕು ನಿಮಗೂ ಇದೆ. ನೀವು ಹೊಡೆದಿದ್ದೀರಾ ಇಲ್ಲವಾ ಅಂತ ಪತ್ರದಲ್ಲಿ ಬರೆದಿಲ್ಲ. ನನಗೆ ಹೇಳಬೇಕಾಗಿಲ್ಲ, ನಿಮ್ಮ ವಕೀಲರಿಗೆ ಸುಳ್ಳು ಹೇಳಬೇಡಿ.

ಇದನ್ನು ಓದುವ ಹೆಣ್ಣುಮಕ್ಕಳಿಗೂ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಪಕ್ಕದಲ್ಲಿ ಅತ್ತೆ ನಿಂತಿದ್ದಾರೆ ಅಂತ ಡಾಕ್ಟರ ಮುಂದೆ ಬಚ್ಚಲಲ್ಲಿ ಜಾರಿದೆ ಅನ್ನುತ್ತೀರಿ, ಎರಡು ವರ್ಷದ ನಂತರ ಆ ಒಂದು ಸಾಲು ನಿಮ್ಮ ಕೇಸನ್ನೇ ತಿನ್ನುತ್ತದೆ. ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕು ಅಂತ ಕೇಳಿ. ದೌರ್ಜನ್ಯ ತಡೆ ಕಾಯ್ದೆಯ 2006ರ ನಿಯಮಗಳ ಪ್ರಕಾರ ಪರೀಕ್ಷೆಯ ವರದಿಯ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು, ಮೊದಲೇ ದೂರು ಕೊಟ್ಟಿಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಇಂಥದ್ದೇ ಬೇರೆ ಕೆಲವು ದಾಖಲೆಗಳಿಗೆ ಕಾಯ್ದೆಯೇ ಬಿಗಿ ಬೀಗ ಹಾಕಿದೆ. ಎಚ್‌ಐವಿ ಸ್ಥಿತಿಯನ್ನು ಬಲವಂತವಾಗಿ ಹೇಳಿಸಬೇಕಾದರೆ ನ್ಯಾಯದ ಹಿತಕ್ಕೆ ಅದು ಅಗತ್ಯ ಅಂತ ಕೋರ್ಟೇ ಆದೇಶ ಮಾಡಬೇಕು. ಗರ್ಭಪಾತ ಮಾಡಿಸಿಕೊಂಡವರ ಹೆಸರು ವಿವರವನ್ನು ಡಾಕ್ಟರು ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು, 2021ರ ತಿದ್ದುಪಡಿಯಲ್ಲಿ ಬಂದದ್ದು. ಮಗುವಿನ ಡಿಎನ್‌ಎ ಪರೀಕ್ಷೆಯನ್ನು ಕೇಳಿದವರಿಗೆಲ್ಲ ಕೊಡುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1993ರಿಂದ 2023ರವರೆಗೂ ಮತ್ತೆ ಮತ್ತೆ ಹೇಳಿದೆ. ನಿಮ್ಮ ಕೇಸಿಗೆ ಇವು ಬೇಡ, ಆದರೆ ಸಂಬಂಧಿಕರು ಅದನ್ನೂ ಹಾಕಿ ಇದನ್ನೂ ಹಾಕಿ ಅಂತ ಸಲಹೆ ಕೊಡುತ್ತಿರುತ್ತಾರೆ.

ಆ ಫೋಟೊಗಳನ್ನು ಈಗಾಗಲೇ ಎಷ್ಟು ಜನಕ್ಕೆ ಕಳಿಸಿದ್ದೀರಿ? ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರೆ ಅದು ನಾಳೆ ಅವಳ ಕಡೆಯ ಸಾಕ್ಷ್ಯ. ಹಿಂದೂ ವಿವಾಹ ಕಾಯ್ದೆಯ ಕೇಸುಗಳು ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ಅಲ್ಲಿ ನಡೆದದ್ದನ್ನು ಪ್ರಕಟಿಸುವಂತಿಲ್ಲ ಅಂತ 22ನೇ ಕಲಂ ಇದೆ. ವೈದ್ಯಕೀಯ ದಾಖಲೆಗಳನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಲು ಅನುಮತಿ ಕೇಳಿ. ಇದು ಅವಳಿಗೆ ಮಾಡುವ ಉಪಕಾರ ಅಂತ ಅಂದುಕೊಳ್ಳಬೇಡಿ, ನಿಮ್ಮ ನಡವಳಿಕೆಯನ್ನೂ ಕೋರ್ಟು ನೋಡುತ್ತಿರುತ್ತದೆ.

ಕೊನೆಗೆ ಭಾವ. ಅವರು ಕೇಸ್ ಶೀಟ್ ತೆಗೆಸಿಕೊಟ್ಟರೆ ಅದು ಬೀರುವಿನಲ್ಲಿ ಸಿಕ್ಕ ಕಾಗದದಂತಲ್ಲ. ಮಾನಸಿಕ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ರೋಗಿಯ ಹಕ್ಕು ಅಂತ 2017ರ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಆ ಕಾಯ್ದೆಯನ್ನು ಮುರಿದವರಿಗೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕೆಲಸವೂ ಹೋಗಬಹುದು. ಇಷ್ಟಾಗಿಯೂ ನಿಮಗೆ ಲಾಭ ಇಲ್ಲ. ಆ ಪ್ರತಿ ಎಲ್ಲಿಂದ ಬಂತು ಅಂತ ಪಾಟಿ ಸವಾಲಿನಲ್ಲಿ ಕೇಳಿದಾಗ ಹೇಳಲೇಬೇಕಾಗುತ್ತದೆ, ಅದೇ ಫೈಲನ್ನು ಸಮನ್ಸ್ ಮೂಲಕ ತರಿಸಬಹುದಾಗಿತ್ತು ಅನ್ನುವುದು ಆಗ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿಮ್ಮ ಸಂಬಂಧಿಕರ ಕೈಗೆ ಸಿಕ್ಕಿದ್ದ ಫೈಲು ತಿದ್ದದೇ ಉಳಿದಿದೆ ಅಂತ ನಂಬುವುದು ಹೇಗೆ ಅಂತ ಎದುರು ವಕೀಲರು ಕೇಳುತ್ತಾರೆ, ಆಗ ಆಸ್ಪತ್ರೆಯ ಅಸಲಿ ಫೈಲಿನ ಮೇಲೂ ಅನುಮಾನ ಬೀಳುತ್ತದೆ. ಇವತ್ತೇ ಅವರಿಗೆ ಫೋನ್ ಮಾಡಿ, ಆ ಫೈಲು ಎಲ್ಲಿದೆ ಅಂತ ವಿಚಾರಿಸಲಿಕ್ಕೂ ಹೋಗಬೇಡಿ ಅಂತ ಹೇಳಿ.